ಮಳೆಗೆ ಕಾಯುವ ಮೊಟ್ಟೆಗಳು

ಬೇಲಿಯ ಗೂಟದ ಮೇಲೆ ಬಿಸಿಲು ಕಾಯಿಸುತ್ತ ಕೂತ ಆ ಹೆಣ್ಣು ಓತಿಕ್ಯಾತವನ್ನು ಇನ್ನೊಮ್ಮೆ ನೋಡಿ. ಅದರ ಹೊಟ್ಟೆಯಲ್ಲಿ ಹತ್ತೋ ಹದಿನೈದೋ ಮೊಟ್ಟೆಗಳಿವೆ. ಎಲ್ಲವೂ ಬಲಿತಿವೆ, ಎಲ್ಲಕ್ಕೂ ತೆಳು ತೊಗಲಿನಂಥ ಚಿಪ್ಪು ಮೂಡಿದೆ, ಒಂದೊಂದರೊಳಗೂ ಪುಟ್ಟ ಜೀವ ರೂಪ ತಳೆಯುತ್ತಿದೆ. ಇನ್ನು ನೆಲ ಬಗೆದು, ಮೊಟ್ಟೆಯಿಟ್ಟು, ಮಣ್ಣು ಮುಚ್ಚುವುದಷ್ಟೇ ಬಾಕಿ. ಆದರೆ ಈ ವರ್ಷ ರೋಹಿಣಿ ಮಳೆ ಬರಲಿಲ್ಲ, ಮೃಗಶಿರವೂ ಕೈಕೊಟ್ಟಿತು. ನೆಲ ಕಾದು ಕಲ್ಲಾಗಿದೆ. ಆ ತಾಯಿ ಈಗ ಏನು ಮಾಡಬೇಕು?

ಅದು ಕಾಯುತ್ತದೆ. ಬಲಿತ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಹೊತ್ತುಕೊಂಡು ವಾರಗಟ್ಟಲೆ, ಬೇಕೆಂದರೆ ತಿಂಗಳುಗಟ್ಟಲೆ ಕಾಯುತ್ತದೆ! ಹಾಗಾದರೆ ಒಳಗಿನ ಮರಿಗಳು ಬೆಳೆದು ದೊಡ್ಡವಾಗಿ ತಾಯಿಯ ಹೊಟ್ಟೆಯಲ್ಲೇ ಚಿಪ್ಪು ಒಡೆಯಬೇಕಲ್ಲ? ಒಡೆಯುವುದಿಲ್ಲ. ಅವು ಸ್ವಲ್ಪ ದೂರ ಬೆಳೆದು, ಒಂದು ಗೊತ್ತಾದ ಹಂತಕ್ಕೆ ಬಂದು, ಅಲ್ಲೇ ನಿಂತುಬಿಡುತ್ತವೆ. ಜೀವವಿದೆ, ಬೆಳವಣಿಗೆ ಇಲ್ಲ. ಮಳೆ ಬಿದ್ದು, ಮಣ್ಣು ನೆನೆದು, ತಾಯಿ ಮೊಟ್ಟೆಯಿಟ್ಟಿತೋ, ನಿಂತಲ್ಲಿಂದಲೇ ಮತ್ತೆ ಬೆಳವಣಿಗೆ ಶುರು!

ಇದನ್ನು ಕಂಡುಹಿಡಿದದ್ದು ನಮ್ಮ ಧಾರವಾಡದಲ್ಲಿ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಎಸ್.ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ, ರಾಜಕುಮಾರ ರಡ್ಡೇರ ಮತ್ತು ಅವರ ಸಂಗಡಿಗರು, ಯಾರೂ ತಿರುಗಿ ನೋಡದ ಈ ಪ್ರಾಣಿಯ ಬಸಿರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಹಲ್ಲಿ ಜಾತಿಯ ಭ್ರೂಣದ ಬೆಳವಣಿಗೆಯನ್ನು ವಿಜ್ಞಾನಿಗಳು 40 ಹಂತಗಳಾಗಿ ಎಣಿಸುತ್ತಾರೆ; ನಲವತ್ತನೆಯದು ಮರಿ ಹೊರಬರುವ ಹಂತ. ಮೊಟ್ಟೆಯಿಡಲು ಹಸಿ ಮಣ್ಣು ಸಿಗದ ಹೆಣ್ಣು ಓತಿಕ್ಯಾತಗಳ ಹೊಟ್ಟೆಯಲ್ಲಿ ಭ್ರೂಣ 34ನೇ ಹಂತದವರೆಗೆ ಬಂದು ಅಲ್ಲಿ ನಿಲ್ಲುತ್ತದೆ ಎಂದು ಅವರು 1998ರಲ್ಲಿ ವರದಿ ಮಾಡಿದರು. ತಾಯಿಯ ಮೈಯ ಶಾಖ ಇಳಿದರೂ ಈ ತಡೆ ಬೀಳುತ್ತದೆ ಎಂಬುದು 2003ರಲ್ಲಿ ಪ್ರಕಟವಾಯಿತು. ನಮ್ಮ ಬೇಲಿಸಾಲಿನಲ್ಲಿ, ಶಾಲೆಯ ಕಾಂಪೌಂಡಿನಲ್ಲಿ, ಹುಡುಗರ ಕಲ್ಲೇಟು ತಪ್ಪಿಸಿಕೊಂಡು ಬದುಕುವ ಪ್ರಾಣಿಯೊಳಗೆ ಇಂಥದೊಂದು ಏರ್ಪಾಡು! ಓದಿದಾಗ ಮೈ ಜುಮ್ಮೆಂದಿತು.

ಮೊಟ್ಟೆಗೂ ಮಳೆಗೂ ಏನು ಸಂಬಂಧ? ಕೋಳಿಮೊಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇದು ಅರ್ಥವಾಗುವುದಿಲ್ಲ. ಕೋಳಿ ತನ್ನ ಮರಿಗೆ ಬೇಕಾದ ನೀರನ್ನೆಲ್ಲ ಬಿಳಿಲೋಳೆಯಲ್ಲಿ ತುಂಬಿ, ಗಟ್ಟಿ ಚಿಪ್ಪು ಹಾಕಿ ಮುಚ್ಚಿ ಕೊಡುತ್ತದೆ. ಓತಿಕ್ಯಾತದ ಮೊಟ್ಟೆಯ ಚಿಪ್ಪು ಮೆತ್ತಗಿನದು. ಅದು ಮಣ್ಣಿನೊಳಗೆ ಕೂತು ಮಣ್ಣಿನ ನೀರನ್ನು ಹೀರುತ್ತದೆ. ಹೌದು, ಮೊಟ್ಟೆ ನೀರು ಕುಡಿಯುತ್ತದೆ! ಕುಡಿದು ಕುಡಿದು ಉಬ್ಬುತ್ತದೆ. ಇಂಥ ಮೆತು ಚಿಪ್ಪಿನ ಎಷ್ಟೋ ಮೊಟ್ಟೆಗಳು ಮರಿಯಾಗುವ ಹೊತ್ತಿಗೆ ಇಟ್ಟಾಗಿನ ತೂಕದ ದುಪ್ಪಟ್ಟು ತೂಗುತ್ತವೆ. ಒಣ ಮಣ್ಣಿಗೆ ಬಿದ್ದರೆ ಇದೇ ಚಿಪ್ಪು ಒಳಗಿನ ನೀರನ್ನು ಹೊರಕ್ಕೆ ಬಿಟ್ಟುಕೊಟ್ಟು, ಮೊಟ್ಟೆ ಸುಕ್ಕಾಗಿ ಸತ್ತುಹೋಗುತ್ತದೆ. ಬೀಜ ಚೀಲದಲ್ಲಿಟ್ಟುಕೊಂಡು ಹದಮಳೆಗೆ ಮುಖವೆತ್ತಿ ನಿಂತ ರೈತನ ಸ್ಥಿತಿಯೇ ಈ ತಾಯಿಯದೂ.

ಅದಕ್ಕೇ ಧಾರವಾಡದ ಸೀಮೆಯಲ್ಲಿ ಓತಿಕ್ಯಾತದ ಸಂತಾನದ ಕಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಮುಂಗಾರಿನ ಮುನ್ನಾ ಮಳೆಗೆ ಶುರು, ಹಿಂಗಾರಿನೊಂದಿಗೆ ಮುಕ್ತಾಯ. ಆ ಆರು ತಿಂಗಳಲ್ಲಿ ಒಂದೇ ಹೆಣ್ಣು ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆಯಿಡಬಲ್ಲದು. ಅದಕ್ಕಾಗಿ ಪ್ರತಿ ಸಲವೂ ಗಂಡಿನ ಸಂಗ ಬೇಕೆಂದೇನಿಲ್ಲ. ಅಂಡನಾಳದ ಮಡಿಕೆಗಳಲ್ಲಿ ವೀರ್ಯವನ್ನು ಕಾಪಿಟ್ಟುಕೊಳ್ಳುವ ಜಾಗಗಳೇ ಇವೆ. ಎಷ್ಟು ಮೊಟ್ಟೆ ಎಂಬುದನ್ನು ತೀರ್ಮಾನಿಸುವುದು ತಾಯಿಯ ಮೈ. ಹೆಣ್ಣು ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು.

ಉಷ್ಣವಲಯದ ಹಲ್ಲಿ, ಓತಿ, ಹಾವುರಾಣಿಗಳ ಲೋಕವೆಲ್ಲ ನಿಂತಿರುವುದು ಈ ಎರಡು ಕೈಗಳ ಮೇಲೆ. ಒಂದು ಮಳೆಯದು, ಇನ್ನೊಂದು ಮೈಗಾತ್ರದ್ದು. ಈ ಎರಡು ಕೈಗಳು ಒಂದೊಂದು ಊರಿನಲ್ಲಿ ಒಂದೊಂದು ಬಗೆಯಾಗಿ ಹೆಣೆದುಕೊಂಡಿರುವುದನ್ನು ನೋಡುತ್ತ ಹೋದರೆ ಬೆರಗು ಮುಗಿಯುವುದೇ ಇಲ್ಲ.

ಚಳಿದೇಶಗಳ ಹಲ್ಲಿಗಳಿಗೆ ಪಂಚಾಂಗ ಸುಲಭ. ಚಳಿಗಾಲದಲ್ಲಿ ಅಡಗು, ವಸಂತದಲ್ಲಿ ಕೂಡು, ಬೇಸಿಗೆಯಲ್ಲಿ ಮೊಟ್ಟೆಯಿಡು. ಬಿಸಿಲೇ ಅಲ್ಲಿ ಯಜಮಾನ. ವರ್ಷವಿಡೀ ಬಿಸಿಲಿರುವ ಕಡೆ? ಬೋರ್ನಿಯೋ ದ್ವೀಪದ ಸರವಾಕ್‌ನ ಮಳೆಕಾಡಿನಲ್ಲಿ ರಾಬರ್ಟ್ ಇಂಗರ್ ಮತ್ತು ಬರ್ನಾರ್ಡ್ ಗ್ರೀನ್‌ಬರ್ಗ್ ಈ ಪ್ರಶ್ನೆಗೆ ಉತ್ತರ ಹುಡುಕಿ 1966ರಲ್ಲಿ ಪ್ರಕಟಿಸಿದರು. ಬಿಸಿಲೂ ಇದೆ, ಮಳೆಯೂ ತಪ್ಪದೆ ಸುರಿಯುತ್ತದೆ, ಒಣಗಾಲವೆಂಬುದೇ ಇಲ್ಲದ ಕಾಡು ಅದು. ಅಲ್ಲಿನ ಹಾರುವ ಓತಿಗಳೂ ಕಾಡುಹಲ್ಲಿಗಳೂ ವರ್ಷದ ಉದ್ದಕ್ಕೂ ಬಸಿರಾಗುತ್ತಲೇ ಇದ್ದವು. ನೀರಿನ ಚಿಂತೆ ತೆಗೆದುಹಾಕಿ, ಸಂತಾನಕ್ಕೆ ಕಾಲಮಿತಿಯೇ ಇರುವುದಿಲ್ಲ!

ಈಗ ಅರ್ಧ ಭೂಮಿ ದಾಟಿ ಪನಾಮಾಕ್ಕೆ ಬನ್ನಿ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಗಾಟುನ್ ಸರೋವರ ತುಂಬಿತು. ಮುಳುಗದೆ ಉಳಿದ ಒಂದು ಗುಡ್ಡದ ನೆತ್ತಿ ಬಾರೊ ಕೊಲೊರಾಡೊ ಎಂಬ ದ್ವೀಪವಾಯಿತು. ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಶೋಧಕರು ಇಂಚಿಂಚು ಶೋಧಿಸಿರುವ ಕಾಡು ಅದು. ವರ್ಷಕ್ಕೆ ಸುಮಾರು 2,600 ಮಿಲಿಮೀಟರ್ ಮಳೆ. ಆದರೆ ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಬಹುಮಟ್ಟಿಗೆ ನಿಂತಿರುತ್ತದೆ. ಆ ಕಾಡಿನಲ್ಲಿ ಎರಡು ಗ್ರಾಂ ಕೂಡ ತೂಗದ ಅನೋಲಿಸ್ ಎಂಬ ತೆಳ್ಳನೆಯ ಹಲ್ಲಿಯಿದೆ. ರಾಬಿನ್ ಆಂಡ್ರ್ಯೂಸ್ ಮತ್ತು ಸ್ಟ್ಯಾನ್ಲಿ ರ‍್ಯಾಂಡ್ ಅದರ ಬೆನ್ನು ಹತ್ತಿದರು.

ಈ ಅನೋಲಿಸ್ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಅಮೆರಿಕ ಖಂಡಗಳಲ್ಲೂ ಕೆರಿಬಿಯನ್ ದ್ವೀಪಗಳಲ್ಲೂ ಹಬ್ಬಿರುವ 400ಕ್ಕೂ ಹೆಚ್ಚು ಬಗೆಯ ಅನೋಲಿಸ್‌ಗಳದೂ ಇದೇ ಪದ್ಧತಿ. ಎಡ ಅಂಡಾಶಯದಿಂದ ಒಂದು, ಕೆಲವೇ ದಿನ ಬಿಟ್ಟು ಬಲದಿಂದ ಒಂದು, ಮತ್ತೆ ಎಡದಿಂದ. ಸರದಿ ತಪ್ಪುವುದಿಲ್ಲ! ಯಾಕೆ ಒಂದೇ? ಆಂಡ್ರ್ಯೂಸ್ ಮತ್ತು ರ‍್ಯಾಂಡ್ 1974ರಲ್ಲಿ ಕೊಟ್ಟ ಉತ್ತರ ಕೇಳಿದರೆ ಕಣ್ಣರಳುತ್ತದೆ. ಇದು ಎಲೆಯಿಂದ ಎಲೆಗೆ ಜಿಗಿಯುವ, ಬೆರಳ ತುದಿಯ ಅಂಟುಪಟ್ಟಿಯಿಂದ ನುಣುಪು ಕಾಂಡಕ್ಕೆ ಕಚ್ಚಿಕೊಳ್ಳುವ ಪ್ರಾಣಿ. ಹೊಟ್ಟೆಯಲ್ಲಿ ಹತ್ತು ಮೊಟ್ಟೆ ಹೊತ್ತರೆ ಅಂಟು ಹಿಡಿಯುವುದಿಲ್ಲ, ಜಿಗಿತ ತಪ್ಪುತ್ತದೆ, ಹಕ್ಕಿಯ ಕೊಕ್ಕಿಗೋ ಹಾವಿನ ಬಾಯಿಗೋ ಸಿಗುತ್ತದೆ. ಆದ್ದರಿಂದ ಭಾರವನ್ನು ದಿನಗಳ ಮೇಲೆ ಹಂಚಿಬಿಟ್ಟಿದೆ. ಒಂದೇ ಸಲ ಹತ್ತು ಇಡುವ ಬದಲು ಮಳೆಗಾಲದುದ್ದಕ್ಕೂ ಒಂದೊಂದಾಗಿ ಇಡುತ್ತದೆ. ಒಟ್ಟು ಲೆಕ್ಕ ಹಾಕಿದರೆ ಯಾವ ದೊಡ್ಡ ಬಸಿರಿಗೂ ಕಡಿಮೆಯಲ್ಲ.

ಆದರೆ ಅದು ಮೊಟ್ಟೆಯನ್ನು ಹುದುಗಿಸುವುದು ತರಗೆಲೆಯ ಅಡಿಯಲ್ಲಿ, ನೆಲದ ಮೇಲ್ಪದರದಲ್ಲಿ. ಅಷ್ಟು ಪುಟ್ಟ ದೇಹಕ್ಕೆ ಆಳಕ್ಕೆ ಅಗೆಯುವ ಶಕ್ತಿ ಎಲ್ಲಿಂದ ಬರಬೇಕು? ತರಗೆಲೆ ಒಣಗಿದರೆ ಮೊಟ್ಟೆಯೂ ಒಣಗುತ್ತದೆ. ಒಣಗಾಲ ಬಂದೊಡನೆ ಮೊಟ್ಟೆಯಿಡುವ ವೇಗ ಕುಸಿಯುತ್ತದೆ. ಕೆರಿಬಿಯನ್‌ನ ಗ್ರೆನಡಾ ದ್ವೀಪದ ಇನ್ನೊಂದು ಅನೋಲಿಸ್ ಮಳೆ ಬರುವವರೆಗೂ ಬಲಿತ ಮೊಟ್ಟೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ ಎಂದು ಜೂಡಿ ಸ್ಟ್ಯಾಂಪ್ಸ್ 1976ರಲ್ಲಿ ಬರೆದರು. ಧಾರವಾಡದ ಓತಿಕ್ಯಾತಕ್ಕೂ ಗ್ರೆನಡಾದ ಅನೋಲಿಸ್‌ಗೂ ನಡುವೆ ಸಾಗರಗಳಿವೆ. ಉಪಾಯ ಒಂದೇ!

ಅದೇ ಬಾರೊ ಕೊಲೊರಾಡೊದ ಮಗ್ಗುಲಲ್ಲಿ ಸ್ಲೋಥಿಯಾ ಎಂಬ ಚೂರು ದ್ವೀಪವಿದೆ. ಅಲ್ಲಿ ನಡೆಯುವುದು ಪೂರ್ತಿ ಉಲ್ಟಾ. ಕಿಲೋಗಟ್ಟಲೆ ತೂಗುವ ಹೆಣ್ಣು ಹಸಿರು ಇಗ್ವಾನಾಗಳು ನೀರು ಈಜಿಕೊಂಡು ಅಲ್ಲಿಗೆ ಬಂದು ಮೊಟ್ಟೆಯಿಡುತ್ತವೆ. ಯಾವಾಗ ಗೊತ್ತೇ? ನಟ್ಟನಡು ಒಣಗಾಲದಲ್ಲಿ! ಅನೋಲಿಸ್ ಹೆದರಿ ಹಿಂದೆಗೆಯುವ ಕಾಲದಲ್ಲೇ ಇಗ್ವಾನಾ ತನ್ನ ವರ್ಷದ ಒಂದೇ ಒಂದು ಬಸಿರನ್ನು, ಸರಾಸರಿ 40 ಮೊಟ್ಟೆಗಳನ್ನು, ನೆಲಕ್ಕೆ ಒಪ್ಪಿಸುತ್ತದೆ.

ಇದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಸಂಗತಿ. ಒಂದೇ ಸರೋವರ, ಒಂದೇ ಮಳೆ, ಒಂದೇ ಬಿಸಿಲು. ಎರಡು ತಾಯಂದಿರ ನಿರ್ಧಾರ ಮಾತ್ರ ತದ್ವಿರುದ್ಧ. ಗುಟ್ಟು ಇರುವುದು ಗಾತ್ರದಲ್ಲಿ. ದೊಡ್ಡ ಮೈಗೆ ಅಗೆಯುವ ಬಲವಿದೆ. ಇಗ್ವಾನಾ ತನ್ನ ಇಡೀ ದೇಹ ಹುದುಗುವಷ್ಟು ಉದ್ದದ ಸುರಂಗ ತೋಡಿ, ಮೇಲಿನ ಒಣಗಾಲ ತಟ್ಟದ, ತೇವವೂ ಶಾಖವೂ ನಿಂತಿರುವ ಆಳದಲ್ಲಿ ಮೊಟ್ಟೆಯಿಡುತ್ತದೆ. ಮೇಲೆ ಬಿರುಬಿಸಿಲು, ಕೆಳಗೆ ಹದವಾದ ಗರ್ಭಗುಡಿ! ಮೊಟ್ಟೆಗಿಂತ ಮರಿಯ ಹೊಟ್ಟೆಪಾಡೇ ಅದರ ಚಿಂತೆ. ಮೊಟ್ಟೆ ಮರಿಯಾಗಲು ಸುಮಾರು ಮೂರು ತಿಂಗಳು ಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಇಟ್ಟರೆ ಮೊದಲ ಮಳೆಗೆ ಕಾಡು ಚಿಗುರುವ ಹೊತ್ತಿಗೆ ಮರಿಗಳು ಮಣ್ಣಿನಿಂದ ತಲೆಯೆತ್ತುತ್ತವೆ. ಸೊಪ್ಪು ತಿಂದು ಬದುಕುವ ಮರಿಗೆ ಎಳೆಚಿಗುರಿಗಿಂತ ಒಳ್ಳೆಯ ಊಟ ಬೇರೆ ಇಲ್ಲ. ಅವು ಒಂದೊಂದಾಗಿ ಹೊರಡುವುದೂ ಇಲ್ಲ. ಬಿಲದ ಬಾಯಲ್ಲಿ ಇಣುಕಿ, ಅಕ್ಕಪಕ್ಕ ನೋಡಿ, ಗುಂಪುಕಟ್ಟಿಕೊಂಡು ಹೊರಟು ದೊಡ್ಡ ದ್ವೀಪದ ಕಡೆಗೆ ಈಜುತ್ತವೆ. ಅದೇ ಸ್ಲೋಥಿಯಾದ ನೆಲದಲ್ಲಿ ಮೊಸಳೆಯೂ ಗೂಡು ಮಾಡುತ್ತದೆ ಎಂಬುದನ್ನು ನೆನೆದರೆ ಆ ಮರಿಗಳ ಅವಸರ ಅರ್ಥವಾಗುತ್ತದೆ.

ಪುಟ್ಟ ತಾಯಿ ಮೊಟ್ಟೆಯಿಡುವ ದಿನದ ಮಳೆ ನೋಡುತ್ತದೆ, ದೊಡ್ಡ ತಾಯಿ ಮರಿ ಹುಟ್ಟುವ ದಿನದ ಮಳೆ ನೋಡುತ್ತದೆ. ಎಲ್ಲ ಜಾತಿಗೂ ಈ ಮಾತು ಹೊಂದುವುದಿಲ್ಲ, ಆದರೆ ಈ ಒಂದು ಸರೋವರದ ದ್ವೀಪಗಳಲ್ಲಿ ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ಗಾತ್ರ ಇನ್ನೂ ಇಳಿದರೆ ಏನಾಗುತ್ತದೆ? ಮಡಗಾಸ್ಕರ್‌ನ ಉತ್ತರದ ಸೊರಾಟ ಬೆಟ್ಟಗಳ ಒಂದು ಊಸರವಳ್ಳಿಯನ್ನು ಫ್ರಾಂಕ್ ಗ್ಲಾ ಮತ್ತು ಸಂಗಡಿಗರು 2021ರಲ್ಲಿ ಲೋಕಕ್ಕೆ ತೋರಿಸಿದರು. ಬ್ರೂಕೇಸಿಯಾ ನಾನಾ ಎಂದು ಹೆಸರು. ಗಂಡಿನ ಮೈ ಬಾಲ ಬಿಟ್ಟು 13.5 ಮಿಲಿಮೀಟರ್! ಬೆರಳ ತುದಿಯ ಉಗುರಿನ ಮೇಲೆ ಕೂರುವಷ್ಟು. ಹೆಣ್ಣು ಸ್ವಲ್ಪ ದೊಡ್ಡದು, 19.2 ಮಿಲಿಮೀಟರ್. ಆ ಹೆಣ್ಣನ್ನು ಸ್ಕ್ಯಾನ್ ಮಾಡಿ ನೋಡಿದಾಗ ಒಳಗೆ ಎರಡು ಮೊಟ್ಟೆಗಳು ಕಂಡವು. ಉದ್ದ ಅರ್ಧವಾದರೆ ಹೊಟ್ಟೆಯೊಳಗಿನ ಜಾಗ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಮೊಟ್ಟೆಯನ್ನು ಅಷ್ಟೇ ಪ್ರಮಾಣದಲ್ಲಿ ಕುಗ್ಗಿಸಿದರೆ ಬದುಕುವ ಮರಿ ಹುಟ್ಟುವುದಿಲ್ಲ. ಹಾಗಾಗಿ ಪುಟ್ಟ ತಾಯಿ ಎಣಿಕೆಯನ್ನು ಕಡಿಮೆ ಮಾಡಿ, ಇರುವ ಒಂದೆರಡನ್ನೇ ತನ್ನ ಮೈಗೆ ಹೋಲಿಸಿದರೆ ದೈತ್ಯವೆನ್ನಿಸುವಷ್ಟು ದೊಡ್ಡದು ಮಾಡುತ್ತದೆ.

ನಮ್ಮ ಮನೆಗೋಡೆಯ ಹಲ್ಲಿಯದೂ ಎರಡೇ. ಟ್ಯೂಬ್‌ಲೈಟಿನ ಪಕ್ಕ ಗಾಜಿಗೆ ಅಂಟಿಕೊಂಡ ಬಸಿರಿ ಹಲ್ಲಿಯನ್ನು ಆಚೆ ಬದಿಯಿಂದ ನೋಡಿ, ತೆಳುವಾದ ಹೊಟ್ಟೆಚರ್ಮದೊಳಗೆ ಎರಡು ಬಿಳಿ ಗುಂಡುಗಳು ಅಕ್ಕಪಕ್ಕ ಕಾಣುತ್ತವೆ. ಆದರೆ ಈ ಹಲ್ಲಿ ಮಳೆಯ ಹಂಗನ್ನೇ ಹರಿದುಕೊಂಡಿದೆ! ಅದರ ಮೊಟ್ಟೆಯ ಚಿಪ್ಪು ಸುಣ್ಣದಂತೆ ಗಟ್ಟಿ. ಒಳಗಿನ ನೀರು ಒಳಗೇ ಉಳಿಯುತ್ತದೆ. ಬೀರುವಿನ ಹಿಂದೆ, ಗೋಡೆಯ ಬಿರುಕಿನಲ್ಲಿ, ಹಂಚಿನ ಸಂದಿನಲ್ಲಿ, ಹನಿ ತೇವ ಇಲ್ಲದ ಕಡೆಯೂ ಅದು ಮರಿಯಾಗುತ್ತದೆ. ಸರಕಿನ ನಡುವೆ ಸಿಕ್ಕಿಕೊಂಡು ಹಡಗು ಹತ್ತಿ, ಸಾಗರ ದಾಟಿ, ಮನೆಹಲ್ಲಿಗಳು ಲೋಕದ ಬಂದರುಗಳಲ್ಲೆಲ್ಲ ನೆಲೆಯೂರಿದವಲ್ಲ, ಆ ಪಯಣಕ್ಕೆ ಈ ಗಟ್ಟಿ ಚಿಪ್ಪಿನ ನೆರವು ಸಣ್ಣದಲ್ಲ.

ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯನ್ನು ಕನ್ನಡಿಗರಿಗೆ ಪರಿಚಯಿಸಬೇಕಿಲ್ಲ. 1980ರಲ್ಲಿ ಬಂದ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಅದನ್ನು ಮನೆಮಾತು ಮಾಡಿತು. ಪಕ್ಕೆಲುಬು ಅರಳಿಸಿ ಗಾಳಿಯಲ್ಲಿ ತೇಲುವ ತಾಯಿಗೆ ಒಂದೊಂದು ಗ್ರಾಂ ಕೂಡ ಲೆಕ್ಕವೇ. ಈ ಕುಲದ ಓತಿಗಳು ಒಂದು ಸಲಕ್ಕೆ ಇಡುವುದು ಬೆರಳೆಣಿಕೆಯ ಮೊಟ್ಟೆ. ಮರದ ಮೇಲೆಯೇ ಬದುಕು ಕಳೆಯುವ ಹೆಣ್ಣು ಆ ಮೊಟ್ಟೆಗಳಿಗಾಗಿ ನೆಲಕ್ಕೆ ಇಳಿಯುತ್ತದೆ. ಮಣ್ಣಿನ ತೇವ ಬೇಕಲ್ಲ! ನೆಲದ ಮೇಲೆ ಅದಕ್ಕಿಂತ ಅಸಹಾಯಕ ಪ್ರಾಣಿ ಇನ್ನೊಂದಿಲ್ಲ, ಆದರೂ ಇಳಿಯುತ್ತದೆ.

ಮಳೆ ವರ್ಷಕ್ಕೆ ನಾಲ್ಕೇ ತಿಂಗಳು ಬಂದು ಉಳಿದ ಕಾಲವೆಲ್ಲ ಬರಗಾಲವಾದರೆ? ಮಡಗಾಸ್ಕರ್‌ನ ನೈಋತ್ಯದ ಒಣಕಾಡಿನ ಲ್ಯಾಬೋರ್ಡ್ ಊಸರವಳ್ಳಿ ಕೊಟ್ಟ ಉತ್ತರ ನಂಬಲು ಕಷ್ಟ. ಕ್ರಿಸ್ಟೋಫರ್ ಕಾರ್ಸ್ಟೆನ್ ಮತ್ತು ಸಂಗಡಿಗರು 2008ರಲ್ಲಿ ಅದನ್ನು ಬಯಲಿಗೆ ತಂದರು. ನವೆಂಬರಿನ ಮಳೆಗೆ ಎಲ್ಲ ಮರಿಗಳೂ ಒಟ್ಟಿಗೆ ಹೊರಬರುತ್ತವೆ. ಎರಡು ತಿಂಗಳೊಳಗೆ ಪ್ರಾಯ. ಜನವರಿಯಲ್ಲಿ ಜೋಡಿ, ಮೊಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ದೊಡ್ಡವೆಲ್ಲ ಸಾಯುತ್ತವೆ, ಒಂದೂ ಉಳಿಯದ ಹಾಗೆ! ಮುಂದಿನ ನವೆಂಬರ್‌ವರೆಗೆ ಆ ಕಾಡಿನಲ್ಲಿ ಆ ಜಾತಿಯ ಒಂದೇ ಒಂದು ಊಸರವಳ್ಳಿಯೂ ನಡೆದಾಡುವುದಿಲ್ಲ. ಇಡೀ ಜಾತಿ ಮೊಟ್ಟೆಗಳ ರೂಪದಲ್ಲಿ ಮಣ್ಣಿನಡಿ ಎಂಟೊಂಬತ್ತು ತಿಂಗಳು ಮಲಗಿರುತ್ತದೆ. ಹೊರಗಿನ ಬದುಕು ನಾಲ್ಕೈದು ತಿಂಗಳು, ಮೊಟ್ಟೆಯೊಳಗಿನದು ಅದರ ಎರಡರಷ್ಟು. ಬೆನ್ನೆಲುಬಿರುವ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಇಂಥ ಬದುಕು ಅದಕ್ಕೆ ಹಿಂದೆ ಯಾರಿಗೂ ಗೊತ್ತಿರಲಿಲ್ಲ. ಧಾರವಾಡದ ತಾಯಿ ಮೊಟ್ಟೆಯನ್ನು ತನ್ನೊಳಗೆ ಕಾಯಿಸುತ್ತದೆ. ಇಲ್ಲಿ ಕಾಯಲು ತಾಯಿಯೇ ಇಲ್ಲ, ಮೊಟ್ಟೆಗಳೇ ಕಾಯುತ್ತವೆ.

ಬ್ರೆಜಿಲ್‌ನ ಒಂದು ಹಾವುರಾಣಿಯಂತೂ ಮೊಟ್ಟೆಯಿಡುವ ಗೋಜನ್ನೇ ಬಿಟ್ಟಿದೆ. ಮರಿ ಹಾಕುವ ಹಲ್ಲಿಗಳು ಹೆಚ್ಚಾಗಿ ತಣ್ಣನೆಯ ಊರುಗಳಲ್ಲಿ ಸಿಗುತ್ತವೆ. ಅಲ್ಲಿನ ನೆಲ ಮೊಟ್ಟೆಗೆ ಸಾಲುವಷ್ಟು ಬೆಚ್ಚಗಿರುವುದಿಲ್ಲ, ಬಿಸಿಲಿಗೆ ಮೈಯೊಡ್ಡುವ ತಾಯಿಯ ಹೊಟ್ಟೆಯೇ ವಾಸಿ. ಆದರೆ ಕಾಟಿಂಗಾ ಎಂಬ ಬಿಸಿಲ ಸೀಮೆಯ ಮಬುಯಾ ಜಾತಿಯ ಈ ಹಾವುರಾಣಿಯೊಳಗೆ ಬಿಡುಗಡೆಯಾಗುವ ಅಂಡ ಕೇವಲ ಒಂದು ಮಿಲಿಮೀಟರ್! ಹಳದಿ ಭಾಗ ಇಲ್ಲವೆಂದೇ ಹೇಳಬಹುದು. ಹುಟ್ಟುವ ಮರಿಯ ಮೈಯ ಶೇ 99ಕ್ಕೂ ಹೆಚ್ಚು ಪಾಲು ಮಾಸುಚೀಲದ ಮೂಲಕ ತಾಯಿಯ ರಕ್ತದಿಂದ ಬಂದದ್ದು ಎಂದು ಬ್ಲ್ಯಾಕ್‌ಬರ್ನ್, ವಿಟ್, ಬೂಶಾ ಎಂಬ ಮೂವರು 1984ರಲ್ಲಿ ತೋರಿಸಿದರು. ಹಸು, ಮನುಷ್ಯರಲ್ಲಿ ನಡೆಯುವ ಕೆಲಸ ಒಂದು ಹಾವುರಾಣಿಯಲ್ಲಿ!

ಓತಿಕ್ಯಾತದ ಬಗ್ಗೆ ಇನ್ನೊಂದು ಸಂಗತಿ ಹೇಳಲೇಬೇಕು. ಅದಕ್ಕೆ ಗಂಡು ಹೆಣ್ಣನ್ನು ಬೇರ್ಪಡಿಸಿ ತೋರುವ ವರ್ಣತಂತುಗಳು ಕಾಣಸಿಗುವುದಿಲ್ಲ. ಮೊಟ್ಟೆ ಮಲಗಿದ ಮಣ್ಣಿನ ಶಾಖವೇ ಲಿಂಗವನ್ನು ತೀರ್ಮಾನಿಸಬಹುದು ಎಂದು ಕರ್ನಾಟಕದ ಸಂಶೋಧಕರೇ 2012ರಲ್ಲಿ ಪ್ರಕಟಿಸಿದರು. ಅದೂ ಹೇಗೆ? ಶಾಖ ಏರುತ್ತ ಹೋದಂತೆ ಮೊದಲು ಹೆಣ್ಣು, ಆಮೇಲೆ ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು. ಅಂದರೆ ತಾಯಿ ಆರಿಸುವ ಆ ಅಂಗೈಯಗಲದ ಜಾಗದಲ್ಲಿ ಮರಿ ಉಳಿಯುವುದೋ ಇಲ್ಲವೋ ಎಂಬುದರ ಜೊತೆಗೆ, ಅದು ಗಂಡೋ ಹೆಣ್ಣೋ ಎಂಬುದೂ ಅಡಗಿದೆ.

ಇಷ್ಟು ನಾಜೂಕಾದ ಲೆಕ್ಕಾಚಾರಕ್ಕೆ ಈಗ ಏಟು ಬೀಳುತ್ತಿದೆ. ಬ್ಯಾರಿ ಸಿನೆರ್ವೊ ಮತ್ತು ಸಂಗಡಿಗರು ಮೆಕ್ಸಿಕೋದಲ್ಲಿ 48 ಜಾತಿಯ ಹಲ್ಲಿಗಳಿಗಾಗಿ 200 ತಾಣಗಳಿಗೆ ಮತ್ತೆ ಹೋಗಿ ಹುಡುಕಿದರು. 1975ರ ನಂತರ ಶೇ 12ರಷ್ಟು ತಾಣಗಳಲ್ಲಿ ಅವು ಇಲ್ಲವಾಗಿದ್ದವು. 2010ರಲ್ಲಿ ಅವರು ಕೊಟ್ಟ ಕಾರಣ ಎದೆ ಹಿಂಡುತ್ತದೆ. ಬಿಸಿಲು ಹಲ್ಲಿಯನ್ನು ನೇರವಾಗಿ ಕೊಲ್ಲಬೇಕೆಂದಿಲ್ಲ. ಬಿಸಿ ಹೆಚ್ಚಾದರೆ ಅದು ನೆರಳಿಗೆ ಸೇರುತ್ತದೆ. ನೆರಳಲ್ಲಿ ಕಳೆದ ಗಂಟೆಗಳಲ್ಲಿ ಬೇಟೆಯಿಲ್ಲ. ಬಸಿರ ಕಾಲದಲ್ಲೇ ಈ ಗಂಟೆಗಳು ಕೈತಪ್ಪಿದರೆ ಮೊಟ್ಟೆಗೆ ತುಂಬಬೇಕಾದ ಸತ್ವ ತಾಯಿಯ ಮೈಗೆ ದಕ್ಕುವುದೇ ಇಲ್ಲ. ಮೊಟ್ಟೆಯಿಲ್ಲ, ಮರಿಯಿಲ್ಲ, ಕೆಲವೇ ವರ್ಷಗಳಲ್ಲಿ ಆ ಗುಡ್ಡದಲ್ಲಿ ಆ ಹಲ್ಲಿಯೇ ಇಲ್ಲ.

ಓತಿಕ್ಯಾತಕ್ಕೆ ಸದ್ಯ ಅಂಥ ಗಂಡಾಂತರವಿಲ್ಲ, ಅದು ಗಟ್ಟಿ ಪ್ರಾಣಿ. ಆದರೆ ಅದಕ್ಕೆ ಬೇಕಾದ ಹಸಿ ಮಣ್ಣು ನಮ್ಮ ಊರುಗಳಲ್ಲಿ ಕಾಂಕ್ರೀಟಿನ ಕೆಳಗೆ ಹೋಗುತ್ತಿದೆ. ಅಂಗಳಕ್ಕೆ ಟೈಲ್ಸ್ ಹಾಕಿಸುವಾಗ ಬೇಲಿಯ ಬುಡದಲ್ಲಿ ಒಂದು ಮೊಳ ಮಣ್ಣು ಬಿಡಿ. ಮೊದಲ ಮಳೆ ಬಿದ್ದ ಮಾರನೆಯ ದಿನ ಅಲ್ಲೊಂದು ಹೊಟ್ಟೆ ತುಂಬಿದ ಹೆಣ್ಣು ಓತಿಕ್ಯಾತ ಮುಂಗಾಲಿನಿಂದ ನೆಲ ಕೆರೆಯುತ್ತಿದ್ದರೆ ಮಕ್ಕಳನ್ನು ಕರೆದು ದೂರದಿಂದ ತೋರಿಸಿ. ಕಲ್ಲು ಎತ್ತಿಕೊಳ್ಳಲು ಬಿಡಬೇಡಿ. ಆರೇಳು ವಾರ ಆ ಜಾಗವನ್ನು ಅಗೆಯದೆ, ಆಗಾಗ ನೀರು ಚಿಮುಕಿಸಿ ಕಾಯಿರಿ. ಮರಿಗಳು ತಾವಾಗಿ ಹೊರಗೆ ಬರುತ್ತವೆ.